ಮೂರನೇ ಲೇನಿನ ಉತಾರ

ವಿಜಯಪುರದ ಏಪ್ರಿಲ್ ಬಿಸಿಲಿಗೆ ಹೆದರಿ ಬೆಳಿಗ್ಗೆ ಆರಕ್ಕೇ ಈಜುಗೊಳಕ್ಕೆ ಹೋದೆ. ಟಿಕೆಟ್ ತೆಗೆಸಿ, ತಲೆಗೆ ರಬ್ಬರ್ ಟೊಪ್ಪಿಗೆ ಏರಿಸಿ, ಮೂರನೇ ಲೇನಿಗೆ ಇಳಿದೆ. ಒಂದು ಸುತ್ತೂ ಮುಗಿದಿರಲಿಲ್ಲ, ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರು ನೀರಲ್ಲೇ ಎದ್ದು ನಿಂತರು.

"ಯಾರ ಲೇನ್ ಇದು, ಗೊತ್ತೈತೇನು?"

"ಎಲ್ಲಾರದೂ ಅಲ್ಲೇನ್ರಿ, ಕಾಕಾ?"

"ಹನ್ನೆರಡು ವರ್ಸ ಆತು. ಇದರಾಗ ನಂದ ಕಬ್ಜಾ ವಹಿವಾಟ ಐತಿ."

ಗೋಳಗುಮ್ಮಟದೊಳಗೆ ಕೂಗಿದ ಹಾಗೆ, ಆ 'ನಂದ' ಎಂಬ ಮಾತು ಉಳಿದ ಲೇನುಗಳಿಂದಲೂ ತಿರುಗಿ ಬಂತು. ಒಂದರಲ್ಲಿ ಡಾಕ್ಟರರದು, ಎರಡರಲ್ಲಿ ಗುತ್ತಿಗೆದಾರರದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಒಗೆಯುವವರು ಇಲ್ಲಿ ಲೇನಿನ ತುದಿಗೆ ಟಾವೆಲ್ ಹಾಕಿದ್ದಾರೆ. ಮಂದಿ ಇನ್ನೂ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾರೆ, ಟಾವೆಲ್ ಈಸುತ್ತಿದೆ.

ಬೇರೆಯವರ ಖಾಸಗಿ ಜಮೀನನ್ನು ಮಾಲೀಕನ ಎದುರಿಗೇ ತನ್ನದೆಂದು 12 ವರ್ಷ ಹಿಡಿದಿಟ್ಟುಕೊಂಡರೆ ಕೋರ್ಟಿನಲ್ಲಿ ಹಕ್ಕು ಕೇಳಬಹುದು. ಸರ್ಕಾರಿ ಜಮೀನಾದರೆ 30 ವರ್ಷ ಬೇಕು. ಆ ಲೆಕ್ಕಕ್ಕೆ ಲೇನಿನ ಉತಾರ, ಅಂದರೆ ಪಹಣಿ, ತಮ್ಮ ಹೆಸರಿಗಾಗಲು ಕಾಕಾ ಇನ್ನೂ 18 ವರ್ಷ ಈಸಬೇಕು. ಹೇಳೋಣವೆಂದರೆ, ಅವರು ಆಗಲೇ ಅಂಗಾತ ಮಲಗಿ ಎರಡೂ ಕೈ ರಾಟೆಯಂತೆ ತಿರುಗಿಸುತ್ತ ಲೇನಿನ ನಟ್ಟನಡುವೆ ಹೊರಟಿದ್ದರು.

ಸ್ಪರ್ಧೆಯ ಈಜುಗೊಳದಲ್ಲಿ ಲೇನಿನ ಅಗಲ 2.5 ಮೀಟರ್. ನಮ್ಮ ಭಾಷೆಯಲ್ಲಿ ಎಂಟು ಫೂಟ್ ಚಿಲ್ಲರೆ, ಚಕ್ಕಡಿ ಆರಾಮವಾಗಿ ಹೋಗುತ್ತದೆ. ಇಬ್ಬರಿದ್ದರೆ ಆಳಿಗೊಂದು ಮಗ್ಗಲು. ಮೂವರಾದರೆ ಗಾಣದೆತ್ತಿನ ಹಾಗೆ ಸುತ್ತು: ಒಂದು ಮಗ್ಗಲಿಂದ ಹೋಗಿ ಇನ್ನೊಂದರಿಂದ ಬರುವುದು. ದಣಿದವರು ಮೂಲೆಗೆ ಸರಿಯುವುದು. ಹಿಂದಿನವನು ಅಂಗಾಲು ಮೆಲ್ಲಗೆ ಮುಟ್ಟಿದರೆ ಅದೇ ಹಾರ್ನ್, ಗೋಡೆ ಬಂದಾಗ ಸೈಡ್ ಬಿಡಬೇಕು. ಪುಸ್ತಕದ ಮಾತು ನಂಬಿ ನಾನೂ ಒಮ್ಮೆ ಮುಂದಿನವರ ಅಂಗಾಲು ಮುಟ್ಟಿದೆ. ಅವರು ತಿರುಗಿ, "ಇರ್ಲಿ ಏಳೋ ತಮ್ಮಾ, ಕಾಲಿಗ್ಯಾಕ ಬೀಳ್ತಿ, ಚಲೋ ಆಗ್ಲಿ ನಿನಗ" ಎಂದು ಆಶೀರ್ವಾದ ಮಾಡಿ ಅದೇ ಆಮೆನಡಿಗೆಯಲ್ಲಿ ಮುಂದುವರಿದರು.

ಲೇನಿನ ಹಗ್ಗಕ್ಕೆ ಪೋಣಿಸಿದ ಪ್ಲಾಸ್ಟಿಕ್ ಗಾಲಿಗಳು ಇರುವುದು ಪಕ್ಕದವನ ಅಲೆ ನಮಗೆ ಬಡಿಯದಿರಲಿ ಅಂತ. ನಮ್ಮಲ್ಲಿ ಅದು ನಾಗರಪಂಚಮಿಯ ಜೋಕಾಲಿ.

ಇನ್ನು ಗೋಡೆ. ತಿರುಗುವ ಗೋಡೆಗೆ ಐದು ಮಂದಿ ಬೆನ್ನು ಕೊಟ್ಟು ನಿಂತಿದ್ದಾರೆ, ಎದೆಮಟ್ಟ ನೀರು, ಅಗಸಿಕಟ್ಟೆಯ ಗತ್ತು. ವಿಷಯ ಆಲಮಟ್ಟಿ. ಅಣೆಕಟ್ಟೆಯನ್ನು 519.60 ಮೀಟರಿನಿಂದ 524.256ಕ್ಕೆ ಎತ್ತರಿಸಲೇಬೇಕು ಎಂದು ಒಬ್ಬರು ನೀರಿಗೆ ಗುದ್ದುತ್ತಾರೆ. ಮುಳುಗಡೆಯವರ ಗತಿ ಏನು ಎಂದು ಇನ್ನೊಬ್ಬರು ನೀರನ್ನೇ ತಿರುಗಿ ಗುದ್ದುತ್ತಾರೆ. ಆರು ದಿನದಿಂದ ನೋಡುತ್ತಿದ್ದೇನೆ, ಅಣೆಕಟ್ಟೆ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಏರುತ್ತದೆ, ಇವರು ನಾಲ್ಕಿಂಚು ಸರಿಯುವುದಿಲ್ಲ. ಕೃಷ್ಣೆಯನ್ನು ಹಂಚಲು ಬಚಾವತ್, ಬ್ರಿಜೇಶ್ ಕುಮಾರ್ ಎಂದು ಎರಡು ನ್ಯಾಯಮಂಡಳಿ ಬಂದವು. ಮೂರನೆಯದನ್ನು ಈ ಗೋಡೆಗೇ ಕೂರಿಸಬೇಕು. ಮಳೆಗಾಲದೊಳಗೆ ತೀರ್ಪು ಬಂದರೆ ನನ್ನ ಪುಣ್ಯ.

ಷವರಿನ ಮರ್ಯಾದೆಯೂ ನೋಡುವಂಥದ್ದೇ. ಮೈತೊಳೆದು ಇಳಿಯಿರಿ ಎಂದು ಬೋರ್ಡಿದೆ. ಬಂದವರು ತೀರ್ಥದಂತೆ ಮೂರು ಹನಿ ನೆತ್ತಿಗೆ ಚಿಮುಕಿಸಿಕೊಂಡು, ಕೊಬ್ಬರಿ ಎಣ್ಣೆ ಸಮೇತ ಧುಮುಕುತ್ತಾರೆ. ಆಮೇಲೆ ಮೂಗು ಮುಚ್ಚಿಕೊಂಡು "ಕ್ಲೋರಿನ್ ಭಾಳ ಸುರುವ್ಯಾರ" ಎಂದು ಬೈಗುಳ. ಅಸಲಿಗೆ ಕಣ್ಣು ಕೆಂಪಾಗಿಸುವ ಆ ಘಾಟು ಬರುವುದು ಕ್ಲೋರಿನ್ನು ಬೆವರನ್ನೂ, ಮತ್ತೊಂದನ್ನೂ ಕೂಡಿಕೊಂಡು ಕ್ಲೋರಮೈನ್ ಆದಾಗ. ಆ ಮತ್ತೊಂದು ಯಾವುದೆಂದು ಗೋಡೆಗೆ ಬಹಳ ಹೊತ್ತು ಅಲುಗದೆ ನಿಂತವರನ್ನು ಕೇಳಬೇಕು.

ಏಳನೇ ದಿನ ತಡೆಯದೆ, ಎತ್ತರದ ಕುರ್ಚಿಯಲ್ಲಿ ಸೀಟಿ ಕಟ್ಟಿಕೊಂಡು ಕೂತಿದ್ದ ಲೈಫ್‌ಗಾರ್ಡ್ ಹುಡುಗನಿಗೆ ಹೇಳಿದೆ: "ಕಾಕಾ ಲೇನ್ ಬಿಡವಲ್ರು. ಸ್ವಲ್ಪ ಹೇಳಪಾ."

ಅವನು ಸೀಟಿ ಬಾಯಿಂದ ತೆಗೆದು, ಕಾಕಾರನ್ನೂ ನನ್ನನ್ನೂ ನೋಡಿದ.

"ಸರ, ನೀವು ಮುಳುಗಿದ್ರ ಹೇಳ್ರಿ, ಎತ್ತತೀನಿ. ಇದು ದಿವಾಣಿ ದಾವೆ."