ಸೋಲೋ ಬೇಕು, ಆದರೆ ಹಾಡಿನ ಒಳಗೇ ಬೇಕು

ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತದಲ್ಲಿ ಗಿಟಾರ್ ಸೋಲೋ, ಅಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಅದರ ಕಾಲ ಮುಗಿಯಿತು ಅಂತ ಈಗ ಮೆಟಲ್ ಕೇಳುವವರೇ ಹೇಳತೊಡಗಿದ್ದಾರೆ. ಹಾಡು ಮೂರು ನಿಮಿಷಕ್ಕೆ ಇಳಿದಿದೆ, ಸೋಲೋ ಇರುತ್ತಿದ್ದ ಜಾಗದಲ್ಲಿ ವೇಗ ತಗ್ಗಿಸಿ ಬ್ಯಾಂಡೆಲ್ಲ ಭಾರವಾಗಿ ಬಡಿಯುವ ಬ್ರೇಕ್‌ಡೌನ್ ಕೂತಿದೆ, ಒಬ್ಬನೇ ಮುಂದೆ ಬಂದು ಬೆರಳಿನ ಚಳಕ ತೋರಿಸುವುದೆಲ್ಲ ಹಳೇ ಗತ್ತು ಅನ್ನುತ್ತಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಕಾರವಾರದಲ್ಲಿ ಹುಡುಗರಿಗೆ ಗಿಟಾರ್ ಹೇಳಿಕೊಡುವವನು ನಾನು. ದಿನವೂ ನನ್ನ ಕಣ್ಣಿಗೆ ಬೀಳುವುದು ಬೇರೆಯೇ. ಸೋಲೋ ಎಲ್ಲೂ ಹೋಗಿಲ್ಲ. ಅದು ಹಾಡಿನಿಂದ ಬೇರೆಯಾಗಿದೆ, ಅಷ್ಟೇ. ಹೊಸ ಹಾಡು ಹಾಕಿದರೆ ಸೋಲೋ ಇಲ್ಲ. ಫೋನ್ ತೆಗೆದರೆ ಬರೀ ಸೋಲೋ, ಹಾಡೇ ಇಲ್ಲ. ನನ್ನ ತಕರಾರು ಈ ಬೇರೆಯಾಗಿರುವುದರ ಬಗ್ಗೆ.

ಕೋಡಿಬಾಗದಿಂದ ಒಬ್ಬ ಪಿಯುಸಿ ಹುಡುಗ ಕ್ಲಾಸಿಗೆ ಬರುತ್ತಾನೆ. ಬೆರಳು ಬಹಳ ಚುರುಕು. ಒಂದು ದಿನ ರೀಲ್ ತೋರಿಸಿ "ಸರ್, ಇದು ಹೇಳ್ಕೊಡಿ" ಅಂದ. ಎರಡೂ ಕೈ ಬೆರಳು ಫ್ರೆಟ್‌ಬೋರ್ಡ್, ಅಂದರೆ ತಂತಿ ಒತ್ತುವ ಪಟ್ಟಿಯ ಮೇಲೆ ಓಡುವ ಟ್ಯಾಪಿಂಗ್, ಅರ್ಧ ನಿಮಿಷವೂ ಇಲ್ಲ. ಯಾವ ಹಾಡಪ್ಪಾ ಇದು ಅಂತ ಕೇಳಿದೆ. "ಹಾಡಲ್ಲ ಸರ್, ಸೋಲೋ" ಅಂದ. ಅವನ ತಪ್ಪಿಲ್ಲ. ಅವನು ಸೋಲೋ ನೋಡಿರುವುದೇ ಹಾಗೆ. ಅದಕ್ಕೆ ಮುಂಚೆ ಏನಿತ್ತು, ಆಮೇಲೆ ಹಾಡು ಎಲ್ಲಿಗೆ ಹೋಯಿತು ಅಂತ ಯಾರೂ ಅವನಿಗೆ ಕೇಳಿಸಿಲ್ಲ.

ಸೋಲೋ ಬೇಡ ಅನ್ನುವವರ ಒಂದು ಮಾತು ಮಾತ್ರ ಖರೆ. ಮೆಟಲ್‌ನ ಬೆನ್ನೆಲುಬು ರಿಫ್, ಅಂದರೆ ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ಸ್ವರಗುಚ್ಛ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹದಿನೇಳರ ಹುಡುಗ, ಮುಂದೆ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ ಟೋನಿ ಅಯೋಮಿಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ. ಹಾಗಾಗಿ ಹೋದದ್ದು ತಂತಿ ಒತ್ತುವ ಬಲಗೈ ಬೆರಳುಗಳೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ. ಮುಂದೆ ತಂತಿಯನ್ನು ಇನ್ನೂ ಸಡಿಲಿಸಿ ಶ್ರುತಿ ಕೆಳಗಿಳಿಸಿದ. ಆ ಭಾರದ ದನಿ ಮೆಟಲ್‌ಗೆ ಬಂದದ್ದರಲ್ಲಿ ಇದರದ್ದೂ ಪಾಲಿದೆ. ಆದರೆ 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಕೇಳಿ ನೋಡಿ. ಅದೇ ಗಾಯದ ಬೆರಳಲ್ಲಿ ಅವನು ಉದ್ದುದ್ದ ಸೋಲೋ ನುಡಿಸಿದ್ದಾನೆ. ರಿಫ್ ಕಟ್ಟಿಕೊಟ್ಟವನಿಗೇ ರಿಫ್ ಒಂದೇ ಸಾಲಲಿಲ್ಲ.

ಯಾಕೆ ಸಾಲಲಿಲ್ಲ? ನನ್ನ ಊರು ಶಿರಸಿ ಕಡೆ, ನನಗೆ ಇದು ಅರ್ಥವಾದದ್ದು ತಾಳಮದ್ದಲೆಯಿಂದ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮಲ್ಲಿ ತಾಳಮದ್ದಲೆ ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅದು ಕವಿ ಬರೆದಿಟ್ಟದ್ದು, ಕೂತವರಲ್ಲಿ ಅರ್ಧ ಜನಕ್ಕೆ ಬಾಯಿಪಾಠ. ಪದ್ಯ ಮುಗಿದ ಕೂಡಲೇ ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತು ಎತ್ತಿಕೊಳ್ಳುತ್ತಾರೆ. ಅದು ಎಲ್ಲೂ ಬರೆದದ್ದಲ್ಲ. ಅದೇ ಕೃಷ್ಣ ಸಂಧಾನ, ಅದೇ ಪದ್ಯ. ಆದರೂ ಹೋದ ವರ್ಷ ಕೇಳಿದ ಕೌರವ ಬೇರೆ, ಈ ರಾತ್ರಿಯ ಕೌರವ ಬೇರೆ. ಪದ್ಯದ ಕಾವು ಇಲ್ಲದೆ ಆ ಮಾತನ್ನಷ್ಟೇ ಕೇಳಿಸಿದರೆ ಅದು ಬರೀ ಭಾಷಣ. ಮಾತು ತೆಗೆದರೆ ಕೌರವನ ಹೊಟ್ಟೆಯೊಳಗಿನದು ನಮಗೆ ಗೊತ್ತೇ ಆಗುವುದಿಲ್ಲ. ರಿಫ್ ಇಡೀ ಬ್ಯಾಂಡಿನದು, ಎಲ್ಲರೂ ಒಟ್ಟಿಗೆ ಹೊಡೆಯುವುದು. ಸೋಲೋದಲ್ಲಿ ಒಬ್ಬ ಮನುಷ್ಯ ಆ ರಿಫ್ ಕೇಳಿ ತನಗೆ ಏನಾಯಿತು ಅಂತ ಹೇಳುತ್ತಾನೆ.

ಮೆಟಾಲಿಕಾ ಬ್ಯಾಂಡಿನ 'ಮಾಸ್ಟರ್ ಆಫ್ ಪಪೆಟ್ಸ್' ತೆಗೆದುಕೊಳ್ಳಿ. 1986ರ ಹಾಡು, ಎಂಟೂವರೆ ನಿಮಿಷ. 2022ರಲ್ಲಿ ಒಂದು ವೆಬ್ ಸೀರೀಸ್‌ನಲ್ಲಿ ಬಂದು ಮತ್ತೆ ಚಾರ್ಟ್ ಹತ್ತಿತು. ನನ್ನ ಕ್ಲಾಸಿನ ಅರ್ಧ ಹುಡುಗರು ಮೆಟಲ್‌ಗೆ ಬಂದದ್ದೇ ಆ ಬಾಗಿಲಿಂದ. ಮೂರೂವರೆ ನಿಮಿಷ ರಿಫ್ ಬಿಡದೆ ಬಡಿಯುತ್ತದೆ. ಎಲ್ಲ ಕೆಳಮುಖ ಹೊಡೆತ, ನುಡಿಸುವವನ ಮುಂಗೈ ಬಿದ್ದೇ ಹೋಗಬೇಕು. ಆಮೇಲೆ ತಟ್ಟನೆ ಡಿಸ್ಟಾರ್ಷನ್‌ನ ಒರಟು ದನಿ ಹೋಗಿ ಗಿಟಾರ್ ತಿಳಿಯಾಗುತ್ತದೆ. ಅಲ್ಲಿ ಬರುವ ಮೊದಲ ಸೋಲೋ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ನದು. ವೇಗವೇ ಇಲ್ಲ. ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸುತ್ತಾನೆ. ಅಲ್ಲಿವರೆಗೆ ಮಾದಕ ವಸ್ತುವಿನ ಚಟದ ಬಾಯಲ್ಲಿ ಅಬ್ಬರಿಸುತ್ತಿದ್ದ ಹಾಡು ಅಲ್ಲಿ ಚಟಕ್ಕೆ ಬಿದ್ದವನ ದುಃಖಕ್ಕೆ ಹೊರಳುತ್ತದೆ. ಒಂದೇ ಒಂದು ಶಬ್ದವಿಲ್ಲದೆ ಹೊರಳುತ್ತದೆ. ಮತ್ತೆ ರಿಫ್, ಮತ್ತೆ ಕೂಗು, ಆಮೇಲೆ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಸೋಲೋ. ಇದು ವೇಗದ್ದು. ಅದರ ನಡುವೆ ಒಂದು ಕಡೆ ವಿಚಿತ್ರವಾದ ಎತ್ತರದ ಚೀತ್ಕಾರ ಬರುತ್ತದೆ. ತಂತಿ ಎಳೆಯುವಾಗ ಅದು ಫ್ರೆಟ್‌ಬೋರ್ಡಿನ ಅಂಚಿನಿಂದ ಜಾರಿ ಆದ ಸದ್ದು ಅದು ಅಂತ ಹ್ಯಾಮೆಟ್ ಅವರೇ ಹೇಳಿದ್ದಾರೆ. ಅದನ್ನು ಹಾಗೇ ಉಳಿಸಿಕೊಂಡರು. ಆ ಗಳಿಗೆಯಲ್ಲಿ ಹಾಡು ಕೈತಪ್ಪುವ ಹಂತಕ್ಕೆ ಬಂದಿರುತ್ತದೆ, ತಂತಿಯೂ ಕೈತಪ್ಪಿತು. ಅದಕ್ಕೇ ಅದು ಕಿವಿಗೆ ತಪ್ಪು ಅನಿಸುವುದಿಲ್ಲ. ಅದನ್ನಷ್ಟೇ ಕತ್ತರಿಸಿ ರೀಲ್ ಮಾಡಿದರೆ ಸುಮ್ನೆ ಒಂದು ಕಿರುಚು.

ಇದೇ ಬ್ಯಾಂಡ್ 2003ರಲ್ಲಿ 'ಸೇಂಟ್ ಆಂಗರ್' ಆಲ್ಬಮ್ ಮಾಡಿದಾಗ ಒಂದೂ ಸೋಲೋ ಇಡಲಿಲ್ಲ. ಆಗ ಕಾರ್ನ್ ಥರದ ಬ್ಯಾಂಡುಗಳ ಅಲೆ, ಸೋಲೋ ಅಂದರೆ ಹಳತು ಅನ್ನುವ ಗಾಳಿ. ಆ ಆಲ್ಬಮ್ ತಯಾರಾದ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಹ್ಯಾಮೆಟ್ ಸೋಲೋ ಬೇಕು ಅಂತ ವಾದ ಮಾಡುವುದು ಕಾಣುತ್ತದೆ. ಸೋಲೋ ಬಿಟ್ಟರೆ ಈ ಹಾಡುಗಳು ಇದೇ ಕಾಲಕ್ಕೆ ಅಂಟಿಕೊಂಡು ಹಳತಾಗುತ್ತವೆ ಅನ್ನುವುದು ಅವರ ವಾದ. ಆಗ ಅವರ ಮಾತು ನಡೆಯಲಿಲ್ಲ. 2008ರ ಆಲ್ಬಮ್‌ನಲ್ಲಿ ಸೋಲೋಗಳು ವಾಪಸ್ ಬಂದವು. ಇವತ್ತು 2003ರದ್ದನ್ನು ಹಾಕಿದರೆ ನನಗೆ ಅದರಲ್ಲಿ ಸಿಟ್ಟು ಕೇಳಿಸುತ್ತದೆ, ಬೇಕಾದಷ್ಟು. ಆ ಸಿಟ್ಟು ಯಾರದು ಅಂತ ಮಾತ್ರ ಗೊತ್ತಾಗುವುದಿಲ್ಲ.

ಎಲ್ಲ ಹಾಡಿಗೂ ಸೋಲೋ ಬೇಕು ಅಂತ ನಾನು ಹೇಳುತ್ತಿಲ್ಲ. ನಾರ್ವೆಯ ಬ್ಲ್ಯಾಕ್ ಮೆಟಲ್‌ನಲ್ಲಿ ಒಂದೇ ಸ್ವರಮಾಲೆ ಸುತ್ತಿ ಸುತ್ತಿ ಬರುತ್ತದೆ. ಅಲ್ಲಿ ಒಬ್ಬನ ಹೆಸರು, ಮುಖ ಯಾವುದೂ ಬೇಡ, ಸೋಲೋ ಹಾಕಿದರೆ ಕೆಡುತ್ತದೆ. ಎಂಬತ್ತರ ದಶಕದಲ್ಲಿ ಸೋಲೋ ಅಂದರೆ ಓಟದ ಸ್ಪರ್ಧೆ ಆಗಿತ್ತು ಅನ್ನುವುದೂ ಹೌದು. ಜನಕ್ಕೆ ಬೇಜಾರು ಬಂದದ್ದು ಸಹಜ.

ಆದರೆ ಜನಕ್ಕೆ ತಾಳ್ಮೆ ಇಲ್ಲ, ಸೋಲೋ ಬಂದ ಕೂಡಲೇ ಫೋನ್ ತೆಗೆಯುತ್ತಾರೆ ಅನ್ನುವ ಮಾತು ನಾನು ನಂಬುವುದಿಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಘಟ್ಟ ಹತ್ತಿ ಹೋಗಿದ್ದವರಲ್ಲಿ ನಾನೂ ಒಬ್ಬ. ಮೂರು ಗಿಟಾರಿನ ಬ್ಯಾಂಡ್ ಅದು. ಸುತ್ತ ನಿಂತವರು ಹಾಡಿನ ಸಾಲುಗಳನ್ನಷ್ಟೇ ಅಲ್ಲ, ಗಿಟಾರಿನ ಸ್ವರಗಳನ್ನೂ ಬಾಯಲ್ಲಿ ಹಾಡುತ್ತಿದ್ದರು. ಇಂಗ್ಲಿಷ್ ಸಾಲು ಬಾರದವನಿಗೂ ಅದು ಬರುತ್ತಿತ್ತು. ಬಾಯಲ್ಲಿ ಗುನುಗಲು ಬರುವ ಸೋಲೋಗೆ ಜನ ಯಾವತ್ತೂ ಬೆನ್ನು ತಿರುಗಿಸಿಲ್ಲ.

ಈಗ ಇದೆಲ್ಲ ಬರೆಯಲು ಕಾರಣ ಹೇಳುತ್ತೇನೆ. ಇಲ್ಲಿನ ನಾಲ್ಕು ಹುಡುಗರು ಸೇರಿ ಬ್ಯಾಂಡ್ ಕಟ್ಟಿದ್ದಾರೆ. ಕನ್ನಡದಲ್ಲೇ ಮೆಟಲ್ ಬರೆದಿದ್ದಾರೆ, ಮೀನುಗಾರಿಕೆ ನಿಂತ ಮಳೆಗಾಲದ ಮೇಲೆ ಹಾಡು. ಚೆನ್ನಾಗಿದೆ, ರಿಫ್ ಅಂತೂ ಎದೆಗೆ ಗುದ್ದುತ್ತದೆ. ಆದರೆ ಉದ್ದ ಆಯಿತು ಅಂತ ಸೋಲೋ ತೆಗೆಯಲು ಹೊರಟಿದ್ದಾರೆ. ತೆಗೆದದ್ದನ್ನು ಬೇರೆ ರೀಲ್ ಮಾಡಿ ಹಾಕುತ್ತಾರಂತೆ!

ಹುಡುಗರೇ, ಇದನ್ನು ಓದುತ್ತೀರಿ ಅಂತ ಗೊತ್ತು. ತೆಗೀಬೇಡಿ. ಬೇಕಾದರೆ ಮೂವತ್ತೆರಡು ಬಾರ್ (ತಾಳದ ಸುತ್ತು) ಇರುವುದನ್ನು ಹದಿನಾರಕ್ಕೆ ಇಳಿಸಿ. ಗಾಯಕ ಕೊನೆಗೆ ಎಳೆಯುತ್ತಾನಲ್ಲ, ಅದೇ ಸ್ವರ ಹಿಡಿದು ಗಿಟಾರ್ ಶುರುವಾಗಲಿ. ಮೊದಲ ನಾಲ್ಕು ಬಾರ್ ನಿಧಾನ ಇರಲಿ, ಓಡುವುದು ಆಮೇಲೆ. ನಿಮ್ಮಲ್ಲಿ ಗಿಟಾರ್ ಒಂದೇ, ಸೋಲೋ ಹೊತ್ತಿಗೆ ಕೆಳಗೆ ಖಾಲಿ ಆಗುತ್ತದೆ ಅಂತ ಹೆದರಬೇಡಿ. ಪ್ಯಾಂಟೆರಾ ಬ್ಯಾಂಡಿನಲ್ಲೂ ಒಂದೇ ಗಿಟಾರ್ ಇತ್ತು, ಅಲ್ಲಿ ದಪ್ಪ ದನಿಯ ಬೇಸ್ ಗಿಟಾರ್ ಆ ಜಾಗ ಹಿಡಿಯುತ್ತಿತ್ತು. ನಿಮ್ಮ ಬೇಸ್‌ನವನಿಗೂ ಅದು ಆಗುತ್ತದೆ, ಅವನ ದನಿ ಸ್ವಲ್ಪ ಜಾಸ್ತಿ ಮಾಡಿ. ಭಾನುವಾರ ಆಂಪ್ ತಗೊಂಡು ಕ್ಲಾಸಿಗೇ ಬನ್ನಿ, ಕೂತು ನೋಡೋಣ.