ತೋಳ ಅಂತ ಬರೆದರೆ ಬಿಲ್ ನಿಲ್ಲುತ್ತದೆ

ನಿನ್ನೆ ಮಧ್ಯಾಹ್ನದಿಂದ ಸಿಟ್ಟು ಇಳಿದಿಲ್ಲ. ಊಟ ಸೇರಿಲ್ಲ, ರಾತ್ರಿ ನಿದ್ದೆ ಹತ್ತಿಲ್ಲ. ಇಲ್ಲಾದರೂ ಬರೆದು ಹಾಕುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಕಲಬುರಗಿಯ ಸೇಡಂ ರಸ್ತೆಯ ನಮ್ಮ ಆಫೀಸಿನ ಮೇಲಿನ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದಿರುವ ನಾಲ್ಕು ಮಂದಿ ಇದ್ದಾರೆ. ವನ್ಯಜೀವಿ ಸಮೀಕ್ಷೆ ಮಾಡುವವರು. ಔರಾದ್ ಕಡೆಯ ಹುಡುಗಿ ಒಬ್ಬಳು, ವನ್ಯಜೀವಿ ವಿಜ್ಞಾನ ಓದಿ ಬೆಂಗಳೂರಿನ ಒಳ್ಳೆ ಪಗಾರ ಬಿಟ್ಟು ಬಂದವಳು. ಚಿಂಚೋಳಿ ತಾಂಡಾದ ಹುಡುಗ, ಹೆಜ್ಜೆ ನೋಡಿ ಪ್ರಾಣಿ ಹೇಳುವವನು. ಹಕ್ಕಿ ಮತ್ತು ಬಾವಲಿ ನೋಡಿಕೊಳ್ಳುವ ಒಬ್ಬ, ನಕ್ಷೆ ಮಾಡುವ ಒಬ್ಬಳು. ಅವರ ಜಿಎಸ್‌ಟಿ, ಟಿಡಿಎಸ್, ರಿಟರ್ನ್ಸ್ ನೋಡುವವಳು ನಾನು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರೂ ಇಲ್ಲ, ಬಂದಿದ್ದ ಕಂಪನಿಯ ಹೆಸರೂ ಇಲ್ಲ. ಕಾಮೆಂಟಿನಲ್ಲಿ ಊಹಿಸಲು ಹೋಗಬೇಡಿ.

ಒಂದು ಗಣಿ ವಿಸ್ತರಣೆಗೆ ಇವರು ಸಮೀಕ್ಷೆ ಮಾಡಿಕೊಟ್ಟಿದ್ದರು. ವರದಿ ಕೊಟ್ಟಾಗ ಬೇಸಿಗೆ. ಈಗ ತೊಗರಿ ಹೂ ಬಿಟ್ಟಿದೆ, ಬಿಲ್ಲಿನ ರೊಕ್ಕ ಇನ್ನೂ ಬಂದಿಲ್ಲ. ನಿನ್ನೆ ಕಂಪನಿಯ ಕಡೆಯ ಸಾಹೇಬರು ಬಂದರು. ಬಾಕಿ ವಿಷಯ ಅಂತ ನನ್ನನ್ನೂ ಮೇಲೆ ಕರೆದರು. ಚಹಾ ಮುಗಿದ ಮೇಲೆ ಸಾಹೇಬರ ಬಾಯಿಂದ ಬಂದದ್ದು ಇದು:

"ಮೇಡಂ, ಲಿಸ್ಟಿನ್ಯಾಗಿನ ಆ ತ್ವಾಳ ಒಂದ್ ತಗೀರಿ. ನವಲ ಇರ್ಲಿ, ಅದು ಎಲ್ಲಾ ಕಡೀ ಇರ್ತದ. ತ್ವಾಳ ತಗದ್ರ ಈ ವಾರನೇ ರೊಕ್ಕ ಹಾಕಸ್ತೀನಿ."

"ಸರ್, ಅದು ಅಲ್ಲಿ ಅದ. ಫೋಟೋನೂ ಅದ. ನಾ ಹ್ಯಾಂಗ ತಗೀಲ್ರಿ?" ಅಂದಳು ಔರಾದ್ ಹುಡುಗಿ.

ಆಗ ಅವರು ನಕ್ಕು ಅಂದರು, "ನೀವು ಮಾಡಿದ್ದರ ಏನ್ರಿ? ಹೊಲದಾಗ ತಿರಗ್ಯಾಡಿ ನಾಕು ಫೋಟೋ ಹೊಡದೀರಿ. ಕಾಲೇಜ್ ಹುಡುಗರಿಗಿ ಹೇಳಿದ್ರ ಊಟದ ಮ್ಯಾಲ ಮಾಡಿ ಕೊಡ್ತಾರ. ಬಾಯಾಗ ಪರಿಸರ ಸೇವಾ ಅಂತೀರಿ, ಕೈಯಾಗ ಬಿಲ್ ಹಿಡೀತೀರಿ."

ಆ ಹುಡುಗಿ ಏನೂ ಅನ್ನಲಿಲ್ಲ. ನಾನೇ ಎದ್ದು ನಿಂತೆ. ಏನಂದೆ ಅಂತ ಇಲ್ಲಿ ಬರೆಯುವುದಿಲ್ಲ.

ತೋಳ ಯಾಕೆ ಅವರಿಗೆ ಅಷ್ಟು ಚುಚ್ಚುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಣಿಗೆ ಪರಿಸರ ಅನುಮತಿ ಬೇಕಾದರೆ 2006ರ ಅಧಿಸೂಚನೆ ಪ್ರಕಾರ ಗಣಿ ಜಾಗ ಮಾತ್ರವಲ್ಲ, ಸುತ್ತ 10 ಕಿಲೋಮೀಟರ್ ನೋಡಬೇಕು. ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನ (ಅತಿ ಹೆಚ್ಚು ರಕ್ಷಣೆಯ ಪಟ್ಟಿ) ಪ್ರಾಣಿ ಕಂಡರೆ ಅದರ ರಕ್ಷಣೆಗೆ ಯೋಜನೆ ಮಾಡಬೇಕು, ಅದಕ್ಕೆ ರೊಕ್ಕ ತೆಗೆದಿಡಬೇಕು, ಅರಣ್ಯ ಇಲಾಖೆಯ ಒಪ್ಪಿಗೆ ತರಬೇಕು. ನವಿಲೂ ಅದೇ ಶೆಡ್ಯೂಲು, ಕೃಷ್ಣಮೃಗವೂ ಅದೇ, ತೋಳವೂ ಅದೇ. ಆದರೆ ನವಿಲಿಗೆ ನಾಲ್ಕು ನೀರಿನ ತೊಟ್ಟಿ, ಒಂದಿಷ್ಟು ಗಿಡ ಅಂತ ಬರೆದು ದಾಟಿಸುತ್ತಾರೆ. ತೋಳಕ್ಕೆ ತೊಟ್ಟಿ ಸಾಲದು, ಅದಕ್ಕೆ ಜಾಗ ಬಿಡಬೇಕು. ಮರಿ ಹಾಕುವ ಹಳ್ಳದ ದಂಡೆಯನ್ನು ಮುಟ್ಟಬಾರದು. ಅದಕ್ಕೇ ಈ "ಒಂದ್ ತಗೀರಿ".

ಈಗ "ತಿರಗ್ಯಾಡಿ ಫೋಟೋ ಹೊಡದೀರಿ" ಅನ್ನುವ ಮಾತಿಗೆ ಬರುತ್ತೇನೆ.

ಕ್ಯಾಮೆರಾವನ್ನು ಮೊಣಕಾಲೆತ್ತರಕ್ಕೆ ಜಾಲಿ ಗಿಡಕ್ಕೆ ಕಟ್ಟುತ್ತಾರೆ. ಮುಂದಿನ ಹುಲ್ಲು ಸವರಿರಬೇಕು, ಇಲ್ಲದಿದ್ದರೆ ಗಾಳಿಗೆ ಹುಲ್ಲು ಅಲ್ಲಾಡಿದರೂ ಫೋಟೋ ಬೀಳುತ್ತದೆ. ಕಾರ್ಡ್ ತೆಗೆದು ನೋಡಿದರೆ ಸಾವಿರಾರು ಫೋಟೋ, ಬಹುಪಾಲು ಹುಲ್ಲು, ಆಡು, ಎಮ್ಮೆ, ಕುರಿ ಕಾಯುವವರ ಧೋತರ. ಅದರೊಳಗೆ ಎಲ್ಲೋ ಒಂದರಲ್ಲಿ ರಾತ್ರಿ ಹೊತ್ತು ಕತ್ತೆಕಿರುಬದ ಬೆನ್ನು. ಒಂದೊಂದನ್ನೂ ನೋಡಿ ಹೆಸರು ಹಾಕಿ ಲೆಕ್ಕಕ್ಕೆ ಸೇರಿಸಬೇಕು. ಹಕ್ಕಿಯ ಹುಡುಗನ ಕಣ್ಣು ಸಂಜೆ ಹೊತ್ತಿಗೆ ಕೆಂಡದಂತೆ ಆಗಿರುತ್ತವೆ.

ಮಲ ಆರಿಸುವ ಕೆಲಸ ಇನ್ನೊಂದು. ಮೂಗು ಮುಚ್ಚಿಕೊಳ್ಳಬೇಡಿ, ನಾನು ಹತ್ತಿರ ಕೂತು ನೋಡಿದ್ದೇನೆ. ತೋಳದ ಮಲವನ್ನು ಜಾಗ, ತಾರೀಖು ಬರೆದ ಚೀಟಿ ಹಾಕಿ ತರುತ್ತಾರೆ. ಚಹಾ ಸೋಸುವಂಥ ಜಾಲರಿಯಲ್ಲಿ ಹಾಕಿ ನಲ್ಲಿ ಕೆಳಗೆ ತೊಳೆಯುತ್ತಾರೆ. ಕೊನೆಗೆ ಉಳಿಯುವುದು ಕೂದಲು, ಮೂಳೆಚೂರು, ಒಮ್ಮೊಮ್ಮೆ ಗೊರಸಿನ ತುಂಡು. ಆ ಕೂದಲನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ರಚನೆ ಬೇರೆ ಬೇರೆ. ಆಡಿನದೋ, ಮೊಲದ್ದೋ, ಚಿಗರಿಯದೋ (ಕೃಷ್ಣಮೃಗಕ್ಕೆ ನಮ್ಮ ಕಡೆಯ ಹೆಸರು) ಅದರಿಂದ ತಿಳಿಯುತ್ತದೆ. ಆ ಊರಿನ ಸುತ್ತ ತೋಳ ಏನು ತಿಂದು ಬದುಕುತ್ತಿದೆ ಅನ್ನುವುದು ಇಡೀ ವರದಿಯಲ್ಲಿ ಒಂದು ಪುಟ. ಆ ಪುಟಕ್ಕೆ ಹಿಂದೆ ಇಷ್ಟು ಕೆಲಸ ಇದೆ. ಕತ್ತೆಕಿರುಬದ್ದಾದರೆ ಒಣಗಿ ಸುಣ್ಣದಂತೆ ಬೆಳ್ಳಗಿರುತ್ತದೆ, ಅದು ಮೂಳೆ ಜಗಿದು ನುಂಗುವ ಪ್ರಾಣಿ. ಮುಂಗಾಲ ಹೆಜ್ಜೆ ದೊಡ್ಡದು, ಹಿಂಗಾಲದ್ದು ಸಣ್ಣದು. ತಾಂಡಾದ ಹುಡುಗ ಅದನ್ನು ಬೈಕಿನ ಮೇಲೆ ಕೂತೇ ಹೇಳುತ್ತಾನೆ. ಅವನ ಆ ಕಣ್ಣಿಗೆ ಬೆಲೆ ಕಟ್ಟಲು ಈ ಊರಿಗೆ ಬರುವುದಿಲ್ಲ ಅನ್ನುವುದೇ ನನ್ನ ಹೊಟ್ಟೆ ಉರಿಗೆ ಕಾರಣ.

ಯಾಕೆಂದರೆ ಇದು ನಿನ್ನೆ ಬಂದ ಒಬ್ಬ ಸಾಹೇಬರ ಮಾತಲ್ಲ. ಎಲ್ಲರೂ ಹಿಂಗೇ. ಇಂಜಿನಿಯರು ಮನೆ ನಕ್ಷೆ ಮಾಡಿಕೊಟ್ಟರೆ ರೊಕ್ಕ ಕೊಡುತ್ತೀರಿ. ವಕೀಲರ ಮುಂದೆ ಹತ್ತು ನಿಮಿಷ ಕೂತರೆ ಫೀಸು ಕೊಟ್ಟು ಏಳುತ್ತೀರಿ. ಇವರನ್ನು ಕಾಲೇಜಿಗೆ ಕರೆಸುತ್ತೀರಿ, ಎರಡು ತಾಸು ಮಾತಾಡಿಸುತ್ತೀರಿ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೀರಿ. ಬೋನಾಳ ಕೆರೆಯಲ್ಲಿ ನಸುಕಿನಿಂದ ಕಾದು ತೆಗೆದ ಹಕ್ಕಿಯ ಫೋಟೋ ಬೇಕು, ಆದರೆ "ಕೆಳಗ ಹೆಸರು ಹಾಕ್ತೀವಲ್ರಿ". ರಾತ್ರಿ ಮನೆಯೊಳಗೆ ಹಾವು ಬಂದರೆ ಅದೇ ಹುಡುಗನಿಗೆ ಫೋನು, ಅವನು ಓಡಿ ಬರಬೇಕು, ಪೆಟ್ರೋಲು ಅವನದೇ. ಪ್ರಾಣಿ-ಪಕ್ಷಿಯ ಕೆಲಸ ಅಂದ ಕೂಡಲೇ ಅದು ಪುಣ್ಯದ ಕೆಲಸ, ಪುಣ್ಯಕ್ಕೆ ರೊಕ್ಕ ಕೇಳಿದವನು ಆಸೆಬುರುಕ. ಇವರಿಗೂ ಮನೆ ಬಾಡಿಗೆ ಇದೆ, ಮಕ್ಕಳ ಶಾಲೆ ಫೀಸು ಇದೆ, ವಯಸ್ಸಾದ ತಂದೆ-ತಾಯಿ ಇದ್ದಾರೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಲೆಕ್ಕದ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಸೇವೆಯ ಬಿಲ್ಲಿಗೆ ಜಿಎಸ್‌ಟಿ ಶೇ 18. ಬಿಲ್ ಹಾಕಿದರೆ ಮುಗಿಯಿತು, ಕಂಪನಿ ರೊಕ್ಕ ಕೊಡಲಿ ಬಿಡಲಿ, ಮರು ತಿಂಗಳು ತೆರಿಗೆ ಕಟ್ಟಲೇಬೇಕು. ಅಂದರೆ ಬಾರದ ರೊಕ್ಕಕ್ಕೆ ಇವರು ಕೈಯಿಂದ ತೆರಿಗೆ ಕಟ್ಟಿದ್ದಾರೆ. ಆ ತೆರಿಗೆ ಕಟ್ಟಿದ ದಿನ ಔರಾದ್ ಹುಡುಗಿ ತನ್ನ ಬಳೆ ಅಡವಿಟ್ಟಿದ್ದಳು. ನನಗೆ ಹೇಳಿರಲಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಚಿನ್ನದ ಸಾಲ ಕಂಡು ಗೊತ್ತಾಯಿತು. ಅವತ್ತು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ನಾನೂ ಈ ಊರಿನಲ್ಲಿ ಒಬ್ಬಳೇ ಆಫೀಸು ತೆರೆದವಳು. ಬಾಕಿ ಕೇಳಲು ಹೋದಲ್ಲೆಲ್ಲ "ಮನಿಯಾಗ ಗಂಡ ದುಡೀತಾನಲ್ರಿ, ನಿಮಗ್ಯಾಕ ಅವಸರ" ಅನ್ನಿಸಿಕೊಂಡವಳು. ಆ ಹುಡುಗಿಯ ಮುಖದಲ್ಲಿ ನನಗೆ ಕಾಣುವುದು ನನ್ನದೇ ಹಳೇ ದಿನಗಳು.

"ಕಂಪನಿಯಿಂದಲೇ ರೊಕ್ಕ ತಗೊಂಡು ಕಂಪನಿಯ ಬಗ್ಗೆಯೇ ವರದಿ ಬರೆದರೆ ಅದು ಸಾಚಾ ಇರುತ್ತದೇನು?" ಅಂತ ಕೆಲವರು ಕೇಳುತ್ತೀರಿ. ನನ್ನ ತಮ್ಮನೇ ಕೇಳಿದ. ಪ್ರಶ್ನೆ ತಪ್ಪಲ್ಲ. ಒಂದು ಊರಿನ ವರದಿಯನ್ನು ಇನ್ನೊಂದು ಊರಿಗೆ ಅಂಟಿಸಿ ಕೊಡುವವರು ಈ ದೇಶದಲ್ಲಿ ಇದ್ದಾರೆ, ಕೇಳಿದ್ದನ್ನು ಬರೆದುಕೊಡುವವರೂ ಇದ್ದಾರೆ. ಆದರೆ ಆ ಪ್ರಶ್ನೆಯನ್ನು ಕಾಯ್ದೆ ಮಾಡಿದವರಿಗೆ ಕೇಳಿ. ಯೋಜನೆ ಮಾಡುವವನೇ ಸಮೀಕ್ಷೆಯವನಿಗೆ ರೊಕ್ಕ ಕೊಡಬೇಕು ಅನ್ನುವ ಪದ್ಧತಿ ಇವರು ಮಾಡಿದ್ದಲ್ಲ. ಕಂಪನಿ ಆ ರೊಕ್ಕವನ್ನು ಸರ್ಕಾರದ ಖಾತೆಗೆ ಕಟ್ಟಲಿ, ಸರ್ಕಾರ ಸಮೀಕ್ಷೆಯವರಿಗೆ ಕೊಡಲಿ, ಅದಕ್ಕಾಗಿ ಹೋರಾಡುವುದಾದರೆ ಮೊದಲ ಸಹಿ ಇವರದೇ ಇರುತ್ತದೆ. ಅಲ್ಲಿಯವರೆಗೆ, ರೊಕ್ಕ ನಿಂತರೂ ತೋಳ ತೆಗೆಯದವರನ್ನು, ತೆಗೆದು ಕೊಡುವವರ ಸಾಲಿನಲ್ಲಿ ಕೂರಿಸಿ ಮಾತಾಡಬೇಡಿ. ನನ್ನ ಸಹನೆ ಅಲ್ಲಿಗೆ ಮುಗಿಯುತ್ತದೆ.

"ಟ್ರಸ್ಟ್ ಮಾಡಿಕೊಳ್ಳಲಿ" ಅನ್ನುವವರೂ ಇದ್ದೀರಿ. ಧರ್ಮಾರ್ಥ ಸಂಸ್ಥೆ ವನ್ಯಜೀವಿ ರಕ್ಷಣೆಯ ಸೇವೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ, ಗೊತ್ತು, ನನ್ನ ಕೆಲಸವೇ ಅದು. ಆದರೆ ಟ್ರಸ್ಟ್ ಆದ ಮೇಲೆ, ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ರೊಕ್ಕಕ್ಕೆ ಹೋಗಿ ನಿಲ್ಲಬೇಕಾದದ್ದು ಅದೇ ಕಂಪನಿಗಳ ಬಾಗಿಲಿಗೆ. ಬಿಲ್ ಕೊಡುವವನಿಗೆ ಬಾಕಿ ಕೇಳುವ ಹಕ್ಕಾದರೂ ಇದೆ. ದೇಣಿಗೆ ಬೇಡುವವನಿಗೆ ಏನಿದೆ?

ಇವರಿಗೆ ಇನ್ನೊಂದು ಕೆಲಸ ಗಾಳಿ ವಿದ್ಯುತ್ತಿನದು, ಗದಗ-ಕೊಪ್ಪಳದ ಕಡೆ. ಗಾಳಿ ಮತ್ತು ಸೌರ ವಿದ್ಯುತ್ ಯೋಜನೆಗಳು 2006ರ ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ, ಪರಿಸರ ಅನುಮತಿ ಬೇಡ. ಸಾಲ ಕೊಡುವ ವಿದೇಶಿ ಸಂಸ್ಥೆಗಳು ಕೇಳುತ್ತವೆ ಅಂತ ಕೆಲವರು ಸಮೀಕ್ಷೆ ಮಾಡಿಸುತ್ತಾರೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಅನ್ನುವ ಬೇಟೆ ಹಕ್ಕಿಗಳು ನಮ್ಮ ಹುಲ್ಲುಗಾವಲಿನಲ್ಲಿ ನೆಲದ ಮೇಲೇ ರಾತ್ರಿ ಕಳೆಯುತ್ತವೆ, ಮಿಡತೆ ತಿನ್ನುತ್ತವೆ. ಗಾಳಿಯಂತ್ರದ ಫ್ಯಾನಿನ ಕೆಳಗೆ ಸತ್ತು ಬಿದ್ದ ಹಕ್ಕಿ-ಬಾವಲಿ ಹುಡುಕುತ್ತ ಸುತ್ತು ಹಾಕುವುದು ಇವರ ಕೆಲಸ. ನಾಯಿ-ನರಿ ಎತ್ತಿಕೊಂಡು ಹೋಗುವ ಮೊದಲು ಹೋಗಬೇಕು. ಇದನ್ನೂ ಊಟದ ಮೇಲೆ ಮಾಡಿಕೊಡುವ ಕಾಲೇಜು ಹುಡುಗರಿದ್ದರೆ ತೋರಿಸಿ.

ಗಣಿ ಸಮೀಕ್ಷೆಗೆ ಸಾಮಾನ್ಯವಾಗಿ ಒಂದು ಹಂಗಾಮಿನ ಮಾಹಿತಿ ಸಾಕು ಅನ್ನುತ್ತಾರೆ, ಅದೂ ಮಳೆಗಾಲ ಬಿಟ್ಟು. ನಮ್ಮ ಕಡೆ ಮಳೆ ಬಿದ್ದ ಮೇಲೇ ಅಲ್ಲವೇ ಮಡ್ಡಿಯ (ಕಲ್ಲುನೆಲದ ದಿನ್ನೆ) ಮೇಲೆ ಹುಲ್ಲು ಏಳುವುದು, ಗುಂಡಿಯಲ್ಲಿ ನೀರು ನಿಲ್ಲುವುದು? ಬೇಸಿಗೆಯಲ್ಲಿ ಬಂದು ನೋಡಿದವನಿಗೆ ಬರೀ ಕಲ್ಲು ಕಾಣುತ್ತದೆ. ಅದನ್ನೇ ಬಂಜರು ಅಂತ ಬರೆದು ಹೋಗುತ್ತಾನೆ. ಈ ನಾಲ್ಕು ಮಂದಿ ಮಳೆಗಾಲದಲ್ಲೂ ಹೋಗುತ್ತಾರೆ. ಆ ಖರ್ಚನ್ನು ಯಾವ ಬಿಲ್ಲಿಗೂ ಹಾಕುವುದಿಲ್ಲ. ಹಾಕಿರಿ ಅಂತ ನಾನು ಜಗಳ ಮಾಡುತ್ತಲೇ ಇದ್ದೇನೆ.

ಇವರು ರೈತರ ವಿರೋಧಿಗಳು ಅನ್ನುವ ಮಾತೂ ಕೇಳಿಬಂತು. ಬೀದರಿನಲ್ಲಿ ಚಿಗರಿ ಹಿಂಡು ಹೊಲಕ್ಕೆ ನುಗ್ಗಿ ಬೆಳೆ ಮೇಯ್ದಾಗ ರೈತನ ಜೊತೆ ಹೊಲದಲ್ಲಿ ನಿಂತು ಫೋಟೋ ತೆಗೆದು, ಪರಿಹಾರದ ಅರ್ಜಿ ತುಂಬಿಸಿ ಕೊಟ್ಟವರು ಇವರೇ. ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಆಯಿತು, ಸುಮಾರು 135 ಚದರ ಕಿಲೋಮೀಟರ್. ಅದರಾಚೆಗಿನ ಗಾಯರಾಣ (ಊರ ಗೋಮಾಳ), ಹಳ್ಳ, ಮಡ್ಡಿಯಲ್ಲೂ ತೋಳ ಇದೆ, ಅದು ಕುರುಬರ ಕುರಿ ಒಯ್ಯುತ್ತದೆ. ಒಬ್ಬ ಮುದುಕ ಕುರಿಗಾಹಿಯನ್ನು ಇವರು ಕೇಳಿದ್ದರಂತೆ, ತೋಳ ಬೇಕೋ ಬೇಡವೋ ಅಂತ. "ಬೈತೀನ್ರಿ, ಕಲ್ಲು ಒಗೀತೀನಿ. ಖರೇ ಅದಕ್ಕೂ ಹೊಟ್ಟಿ ಅದಲ್ರಿ ಯಪ್ಪಾ" ಅಂದನಂತೆ. ಕುರಿ ಕಳಕೊಂಡವನ ಬಾಯಿಂದ ಬಂದ ಮಾತದು. ಒಂದು ಮರಿಯನ್ನೂ ಕಳಕೊಳ್ಳದ ಸಾಹೇಬರಿಗೆ ತೋಳ ಲಿಸ್ಟಿನಲ್ಲೂ ಇರಬಾರದು.

ಬಾಕಿಯ ಕತೆ ಏನಾಯಿತು ಅಂತ ಕೇಳುವವರಿಗೆ: 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2024ರ ಏಪ್ರಿಲ್‌ನಿಂದ ಇನ್ನೊಂದು ಬಿಗಿ ಬಂದಿದೆ: ಹಾಗೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಇವರಿಗೆ ಸಣ್ಣ ಉದ್ಯಮ ಅಂತ ಸರ್ಕಾರದ ಉದ್ಯಮ್ ನೋಂದಣಿ ಇದೆ, ಶುರುವಿನಲ್ಲೇ ನಾನು ಮಾಡಿಸಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಮೇಲೆ ಹೋಗಿ ಸಣ್ಣ ಉದ್ಯಮಗಳ ಬಾಕಿ ದೂರು ತಗೊಳ್ಳುವ ಸರ್ಕಾರಿ ಪೋರ್ಟಲಿನಲ್ಲಿ ಅರ್ಜಿ ಹಾಕೋಣ ಅಂದೆ. "ಅಕ್ಕಾ, ಹಾಕಿದ್ರ ಮುಂದ ಯಾರೂ ಕೆಲಸ ಕೊಡಂಗಿಲ್ಲ" ಅಂದಳು ಆ ಹುಡುಗಿ. ಹೆದರಿಕೆ ಖರೆ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾಂಡಾದ ಹುಡುಗ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದವನು ತಿರುಗಿ "ಹಾಕ್ರಿ ಅಕ್ಕಾ" ಅಂದ. ಆಮೇಲೆ ಅವಳೂ ತಲೆ ಆಡಿಸಿದಳು.

ವರ್ಕ್ ಆರ್ಡರ್, ಬಿಲ್, ವರದಿ ತಲುಪಿದ ಮೇಲ್, ಎಲ್ಲ ಸ್ಕ್ಯಾನ್ ಮಾಡಿಟ್ಟಿದ್ದೇನೆ. ಸೋಮವಾರ ಅರ್ಜಿ ಹೋಗುತ್ತದೆ. ನಿಮ್ಮಲ್ಲೂ ಯಾರದಾದರೂ ಹಿಂಗೇ ಬಿಲ್ ನಿಂತಿದ್ದರೆ ಕಾಗದ ತಗೊಂಡು ಬನ್ನಿ, ಹಾಕಿ ಕೊಡುತ್ತೇನೆ. ಫೀಸು ತಗೊಳ್ಳುತ್ತೇನೆ.