ಹಸಿವಿನ ತಿಂಗಳಿಗೆ 32 ಬಗೆ

ತುಳುನಾಡಿನ ಮಳೆಗಾಲದ ತಿಂಗಳು ಆಟಿ ಬಂತು. ಅಂದರೆ ಓಲೆಕೊಡೆ ಹಿಡಿದು ಮನೆಮನೆಗೆ ಬರುವ ವೇಷ, ಆಟಿ ಕಳೆಂಜನ ಚಿತ್ರ ವಾಟ್ಸಾಪಿನಲ್ಲಿ ಬರಲು ಶುರು. ಈ ಸಲ ನನಗೆ ಏಳು ಆಮಂತ್ರಣ. ಅಪಾರ್ಟ್‌ಮೆಂಟಿನವರ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ), ಬ್ಯಾಂಕಿನವರದ್ದು, ಜಿಮ್ಮಿನವರದ್ದೂ ಒಂದು. ನಾನು ಹೋದದ್ದು ಕಾಲೇಜು ದೋಸ್ತಿಗಳ ಜೊತೆ, ಮೂಡುಬಿದಿರೆ ಹತ್ತಿರದ ಒಂದು ಗದ್ದೆಗೆ. ಬೆಳಿಗ್ಗೆ ಕೆಸರಾಟ, ಮಧ್ಯಾಹ್ನ ಊಟ, ತಲೆಗೆ 600 ರೂಪಾಯಿ. "ಆರಾಮಲ್ಲಿ ಹೋಗಿ ಆರಾಮಲ್ಲಿ ಬರುವ ಮಾರಾಯ" ಅಂದಿದ್ದರು.

ಆರಾಮಲ್ಲೇ ಹೋದೆವು. ಮಂಗಳೂರಿನಿಂದ ಮೂಡುಬಿದಿರೆ ಕಡೆ ಹೋಗುವ ಬಿಕರ್ನಕಟ್ಟೆ–ಸಾಣೂರು ಚತುಷ್ಪಥ ಹೆದ್ದಾರಿ ಕಾಮಗಾರಿಯ ಕಥೆ ನಿಮಗೆ ಗೊತ್ತೇ ಇದೆಯಲ್ಲ. 45 ಕಿ.ಮೀ. ದಾರಿ, ಎಷ್ಟೋ ಆಟಿ ಕಂಡಿದೆ. ದುಡ್ಡು ಕೊಟ್ಟು ಕೆಸರಿಗೆ ಬೀಳಲು ಹೋಗುವವರಿಗೆ ದಾರಿಯಲ್ಲೇ ಫ್ರೀ ಸ್ಯಾಂಪಲ್. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸಿಲ್ಲ ಅಂತ ನಾವು ಬೈದೆವು, ಅಷ್ಟೇ.

ಗದ್ದೆ ಚಂದ ಇತ್ತು. ಟ್ರ್ಯಾಕ್ಟರ್ ಹೊಡೆದು ಹದ ಮಾಡಿದ ಕೆಸರು, ಬದುವಿನಲ್ಲಿ ಡಿಜೆ. ಆದರೆ ಒಂದು ಮಾತು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ, ನಾಟಿ ಮುಗಿದು ಹಸಿರಾಗಿರಬೇಕಾದ ಗದ್ದೆ ಆಟಿಯಲ್ಲಿ ಹಗ್ಗಜಗ್ಗಾಟಕ್ಕೆ ಖಾಲಿ ಸಿಗುತ್ತದೆ ಅಂದರೆ ಅಲ್ಲಿ ಬೇಸಾಯ ನಿಂತಿದೆ ಅಂತ ಅರ್ಥ, ಅಲ್ವಾ? ಗದ್ದೆಯ ಯಜಮಾನರನ್ನು ಕೇಳಿದೆ. "ನೆಟ್ಟರೆ ಹಂದಿ, ನವಿಲು, ಮಂಗ. ನಾಟಿಗೆ ಜನ ಇಲ್ಲ. ನೀವು ಬಂದರೆ ಒಂದೇ ದಿನದಲ್ಲಿ ಬಾಡಿಗೆ ಸಿಗ್ತದೆ. ನೀವು ಹಂದಿಯಷ್ಟು ಹಾಳು ಮಾಡುದಿಲ್ಲ" ಅಂದರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಊಟಕ್ಕೆ 32 ಬಗೆ. ಕೆಸುವಿನ ಎಲೆಯ ಪತ್ರೊಡೆ, ತಜಂಕ್ (ತಗತೆ ಸೊಪ್ಪು) ಪಲ್ಯ, ಕಣಿಲೆ (ಎಳೆ ಬಿದಿರು) ಗಸಿ, ತಿಮರೆ (ಒಂದೆಲಗ) ಚಟ್ನಿ, ಹುರುಳಿ ಚಟ್ನಿ. ಪಕ್ಕದಲ್ಲೇ ಗೋಬಿ ಮಂಚೂರಿ, ಮಕ್ಕಳಿಗೆ ಅಂತೆ. ಒಂದೊಂದರ ಮುಂದೆ ಲ್ಯಾಮಿನೇಟ್ ಮಾಡಿದ ಬೋರ್ಡು. ಉಪ್ಪಡ್ ಪಚ್ಚಿಲಿನ ಬೋರ್ಡಿನಲ್ಲಿ 'ನಮ್ಮ ಹಿರಿಯರ ಸೂಪರ್‌ಫುಡ್' ಅಂತ ಬರೆದಿತ್ತು.

ನನ್ನ ಅಜ್ಜಿ ಈ ಉಪ್ಪು ಹಾಕಿಟ್ಟ ಹಲಸಿನ ಸೊಳೆಯನ್ನು ಭರಣಿಯಿಂದ ತೆಗೆದು ಮೂರು ನೀರಲ್ಲಿ ತೊಳೆಯುತ್ತಿದ್ದಳು. ತೊಳೆದರೂ ಉಪ್ಪು ಹೋಗುತ್ತಿರಲಿಲ್ಲ. ಯಾರಾದರೂ ಅಂಗಳಕ್ಕೆ ಬಂದರೆ ಮೊದಲು ಅಡುಗೆಮನೆ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಇವತ್ತು ಇವರು ಏನು ತಿಂದರು ಅಂತ ಊರಿಗೆ ಗೊತ್ತಾಗಬಾರದು. ಕೊನೆಯ ಅಕ್ಕಿ ಮುಡಿ ಬಿಚ್ಚಿ ಆಗಿರುತ್ತಿತ್ತು, ಗದ್ದೆ ಕೆಲಸ ಮುಗಿದು ಕೂಲಿಯೂ ಇರುತ್ತಿರಲಿಲ್ಲ. ತಗತೆ ಸೊಪ್ಪು ಕೊಯ್ದದ್ದು ಬೇಲಿ ಬದಿಯಲ್ಲಿ ದುಡ್ಡಿಲ್ಲದೆ ಸಿಗುತ್ತಿತ್ತು ಅಂತ, ಅದರಲ್ಲಿ ಕಬ್ಬಿಣದ ಅಂಶ ಇದೆ ಅಂತ ಅಲ್ಲ.

ಪಾಲೆ ಮರದ (ಹಾಲೆ ಮರ) ತೊಗಟೆಯ ಕಷಾಯದ ಕಥೆಯೂ ಅದೇ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಈಗ ಹಿಂದಿನ ದಿನ ಬುಕ್ ಮಾಡಿದರೆ ಬಾಟ್ಲಿಯಲ್ಲಿ ಮನೆಗೇ ಬರುತ್ತದೆ. ನನ್ನ ದೋಸ್ತಿ ಒಬ್ಬ ಒಂಬತ್ತು ಗಂಟೆಗೆ ಎದ್ದು ಕುಡಿದು, ಮೇಲಿಂದ ಮಸಾಲೆ ದೋಸೆ ತಿಂದ. ಸಂಸ್ಕೃತಿ ಉಳಿಯಿತು.

ವೇದಿಕೆಯಲ್ಲಿ ಒಬ್ಬರು ಮೈಕು ಹಿಡಿದು "ನಮ್ಮ ಹಿರಿಯರ ಆಟಿ ಎಷ್ಟು ಸುಂದರವಾಗಿತ್ತು" ಅಂದರು. ಸುಂದರ ಎಲ್ಲಿ ಸ್ವಾಮಿ? ಜನ ಹಸಿದಿದ್ದರು. ಮಕ್ಕಳು ಜ್ವರ ಬಂದು ಮಲಗುತ್ತಿದ್ದರು. ಕಳೆಂಜ ಮನೆಮನೆಗೆ ಬಂದದ್ದು ಮಾರಿ ಕಳೆಯಲು, ಸೆಲ್ಫಿಗೆ ಅಲ್ಲ. ತಿನ್ನಿ, ಯಾರು ಬೇಡ ಅಂದರು? ನಾನೂ ಎರಡು ಸಲ ಪತ್ರೊಡೆ ಹಾಕಿಸಿಕೊಂಡೆ. ಆದರೆ ಆ ತಟ್ಟೆಗೆ ಹಿರಿಯರ ಹೆಸರು ಬೇಡ. 32 ಬಗೆಯಲ್ಲಿ ಅರ್ಧ ಬಕೆಟಿಗೆ ಹೋದದ್ದನ್ನು ನೋಡಿದ್ದೇನೆ.

ಕಳೆಂಜ ವೇಷದವ ಪೆಂಡಾಲಿನ ಹಿಂದೆ ಬಣ್ಣ ಒರೆಸುತ್ತಿದ್ದ. ಅವನು ತಟ್ಟೆ ಹಿಡಿದು ಬರುವಾಗ ಗೋಬಿ ಮಾತ್ರ ಉಳಿದಿತ್ತು.

ಸಂಜೆ ವಾಪಸ್ ಬರುವಾಗ ಡೈವರ್ಷನ್ ಒಂದರಲ್ಲಿ ನಮ್ಮ ಕಾರು ಹೂತಿತು. ಒಳಗೆ ಐದು ಜನ. ಕೆಸರು ಓಟದಲ್ಲಿ ಫಸ್ಟ್ ಪ್ರೈಜ್, ಸೆಕೆಂಡ್ ಪ್ರೈಜ್ ಎರಡೂ ನಮ್ಮ ಕಾರಿನಲ್ಲೇ ಇತ್ತು. ಡ್ರೈವರು "ಸ್ವಲ್ಪ ಇಳಿದು ದೂಡಿ ಮಾರ್ರೆ" ಅಂದ.

ಒಬ್ಬನೂ ಇಳಿಯಲಿಲ್ಲ. ಎಲ್ಲರದ್ದೂ ಸ್ನಾನ ಆಗಿತ್ತಲ್ಲ.